ಮರಿ ಸಾಕುವ ಖರ್ಚು ಯಾರದು? ಪೇರೆಂಟಲ್ ಇನ್ವೆಸ್ಟ್‌ಮೆಂಟ್ ಥಿಯರಿ ಹುಟ್ಟಿದ ಬಗೆ, ಅದು ರೀಲ್ಸ್‌ಗೆ ಬಂದ ಬಗೆ

"ಹುಡುಗೀರಿಗೆ ದುಡ್ಡಿರೋನೇ ಬೇಕು, ಹುಡುಗರಿಗೆ ದಿನಕ್ಕೊಬ್ಬಳು ಬೇಕು, ಇದು ನಾನು ಹೇಳ್ತಿರೋದಲ್ಲ ಗುರೂ, ಸೈನ್ಸು." ಈಗ ಫೋನು ಕೈಗೆತ್ತಿಕೊಂಡರೆ ಇಂಥದ್ದೊಂದು ಮಾತು ಕಿವಿಗೆ ಬೀಳದೆ ಇರುವುದಿಲ್ಲ. ಹೇಳುವವರಲ್ಲಿ ಒಂದಿಷ್ಟು ಓದಿಕೊಂಡವರು ಒಂದು ಹೆಸರನ್ನೂ ಮುಂದಿಡುತ್ತಾರೆ. ಪೇರೆಂಟಲ್ ಇನ್ವೆಸ್ಟ್‌ಮೆಂಟ್ ಥಿಯರಿ, ಅಂದರೆ ಅಪ್ಪ ಅಮ್ಮ ಮರಿಗಾಗಿ ಮಾಡುವ ಹೂಡಿಕೆಯ ಸಿದ್ಧಾಂತ. ಹೆಣ್ಣು ಒಂಬತ್ತು ತಿಂಗಳು ಹೊರಬೇಕು, ಗಂಡಿಗೆ ಐದು ನಿಮಿಷದ ಕೆಲಸ, ಅದಕ್ಕೇ ಹೆಣ್ಣು ಲೆಕ್ಕ ಹಾಕ್ತಾಳೆ, ಗಂಡು ಅಲೀತಾನೆ, ಮುಗೀತು.

ಹೆಸರು ನಿಜ, ಥಿಯರಿಯೂ ನಿಜ. 1972ರಲ್ಲಿ ರಾಬರ್ಟ್ ಟ್ರಿವರ್ಸ್ ಎಂಬ ಅಮೆರಿಕದ ಯುವಕ ಬರೆದ ನಲವತ್ತು ಚಿಲ್ಲರೆ ಪುಟಗಳ ಲೇಖನ ಅದು. ಪ್ರಾಣಿಗಳ ನಡವಳಿಕೆಯನ್ನು ಓದುವವರು ಇವತ್ತಿಗೂ ಅದನ್ನು ದಾಟಿ ಮುಂದೆ ಹೋಗಲಾಗದು, ಅಷ್ಟು ದೊಡ್ಡ ಲೇಖನ. ಆದರೆ ಅದನ್ನು ತೆರೆದು ಓದಿದರೆ ಗಂಡು ಹೀಗೆ, ಹೆಣ್ಣು ಹೀಗೆ ಎಂಬ ತೀರ್ಪು ಸಿಗುವುದಿಲ್ಲ, ಒಂದು ಷರತ್ತು ಸಿಗುತ್ತದೆ. ಮರಿಗಾಗಿ ಯಾರು ಜಾಸ್ತಿ ಕಳೆದುಕೊಳ್ಳುತ್ತಾರೋ ಅವರು ಜೋಡಿ ಆರಿಸುವಾಗ ಹುಷಾರಾಗಿರುತ್ತಾರೆ. ಕಡಿಮೆ ಕಳೆದುಕೊಳ್ಳುವವರು ಅವರನ್ನು ಪಡೆಯಲು ತಮ್ಮತಮ್ಮಲ್ಲಿ ಹೊಡೆದಾಡುತ್ತಾರೆ. "ಯಾರು" ಅನ್ನುವ ಜಾಗದಲ್ಲಿ ಟ್ರಿವರ್ಸ್ ಹೆಣ್ಣನ್ನು ಕೂರಿಸಿ ಬೀಗ ಹಾಕಿರಲಿಲ್ಲ. ನಡುವೆ ಯಾರೋ ಹಾಕಿದರು. ಯಾರು, ಯಾವಾಗ ಅನ್ನುವುದು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಮೊದಲು ಡಾರ್ವಿನ್. ನವಿಲಿನ ಬಾಲ ಅವರಿಗೆ ದೊಡ್ಡ ತಲೆನೋವಾಗಿತ್ತು. ನವಿಲುಗರಿ ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ ಎಂದು 1860ರಲ್ಲಿ ಗೆಳೆಯ ಏಸಾ ಗ್ರೇಗೆ ಬರೆದ ಪತ್ರದಲ್ಲಿ ಹೇಳಿಕೊಂಡಿದ್ದಾರೆ. ಬದುಕಿ ಉಳಿಯುವುದಕ್ಕೆ ಅಷ್ಟು ದೊಡ್ಡ ಬಾಲ ಅಡ್ಡಿಯೇ ಹೊರತು ಸಹಾಯವಲ್ಲ, ಹಾಗಿದ್ದರೂ ಅದು ಬೆಳೆದಿದೆ. ಯಾಕೆ? 1871ರಲ್ಲಿ ಮನುಷ್ಯನ ಮೂಲದ ಬಗ್ಗೆ ಬರೆದ ಪುಸ್ತಕದಲ್ಲಿ ಉತ್ತರ ಕೊಟ್ಟರು. ಗಂಡುಗಳು ತಮ್ಮಲ್ಲೇ ಪೈಪೋಟಿ ನಡೆಸುತ್ತವೆ, ಹೆಣ್ಣುಗಳು ಆರಿಸುತ್ತವೆ, ಈ ಎರಡರಿಂದ ಕೊಂಬು, ಬಣ್ಣ, ಬಾಲ, ಹಾಡು ಎಲ್ಲ ಬಂದಿದೆ ಅಂತ. ಸರಿ, ಆದರೆ ಗಂಡೇ ಯಾಕೆ ಆತುರಪಡಬೇಕು, ಹೆಣ್ಣೇ ಯಾಕೆ ಬಿಗುಮಾನ ತೋರಬೇಕು? ಇದಕ್ಕೆ ಡಾರ್ವಿನ್ ಹತ್ತಿರ ಗಟ್ಟಿ ಉತ್ತರ ಇರಲಿಲ್ಲ. ಬಹುತೇಕ ಕಡೆ ಹಾಗೇ ಕಾಣುತ್ತದೆ ಎಂದು ಬರೆದರು ಅಷ್ಟೆ. ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡಿನ ಗಂಡಸರಿಗೆ ಅದು ವಿವರಣೆ ಬೇಕಾಗುವಂಥ ವಿಷಯವಾಗಿ ಕಂಡಿರಲಿಕ್ಕೂ ಇಲ್ಲ, ಬಿಡಿ. ಹೆಣ್ಣು ಆರಿಸುತ್ತದೆ ಎಂಬ ಅರ್ಧಭಾಗವನ್ನಂತೂ ಅವರ ಜೊತೆಗಾರ ವಾಲೇಸ್ ಕೂಡ ಒಪ್ಪಲಿಲ್ಲ.

ಆಮೇಲೆ ಸುಮಾರು ನೂರು ವರ್ಷ ಈ ಪ್ರಶ್ನೆ ಮೂಲೆಯಲ್ಲಿ ಬಿದ್ದಿತ್ತು. ನಡುವೆ ಇಬ್ಬರು ಮಾತ್ರ ಮುಖ್ಯ. 1930ರಲ್ಲಿ ರೊನಾಲ್ಡ್ ಫಿಶರ್ ಅಪ್ಪ ಅಮ್ಮ ಮರಿಗೆ ಮಾಡುವ ವೆಚ್ಚವನ್ನು ಲೆಕ್ಕದ ಭಾಷೆಗೆ ತಂದರು, ಗಂಡುಮರಿ ಹೆಣ್ಣುಮರಿಗಳ ಸಂಖ್ಯೆ ಯಾಕೆ ಹೆಚ್ಚುಕಡಿಮೆ ಸಮ ಇರುತ್ತದೆ ಅನ್ನುವುದನ್ನು ವಿವರಿಸಲು. ಇನ್ನೊಬ್ಬರು ಆಂಗಸ್ ಬೇಟ್‌ಮನ್. ಇಂಗ್ಲೆಂಡಿನ ಜಾನ್ ಇನ್ನೆಸ್ ತೋಟಗಾರಿಕಾ ಸಂಸ್ಥೆಯಲ್ಲಿದ್ದ ಸಸ್ಯಶಾಸ್ತ್ರಜ್ಞ. 1948ರಲ್ಲಿ ಅವರು ಬಾಳೆಹಣ್ಣಿನ ಮೇಲೆ ಕೂರುತ್ತವಲ್ಲ, ಆ ಹಣ್ಣಿನ ನೊಣಗಳನ್ನು ಬಾಟಲಿಗಳಲ್ಲಿ ಹಾಕಿ ಒಂದು ಪ್ರಯೋಗ ಮಾಡಿದರು. ಪ್ರತಿ ಬಾಟಲಿಯಲ್ಲಿ ಕೆಲವು ಗಂಡು, ಅಷ್ಟೇ ಹೆಣ್ಣು. ಒಂದೊಂದು ನೊಣಕ್ಕೂ ಕಣ್ಣಿಗೆ ಕಾಣುವ ಬೇರೆ ಬೇರೆ ಆನುವಂಶಿಕ ಗುರುತು, ಒಂದರ ರೆಕ್ಕೆ ಸುರುಳಿ, ಇನ್ನೊಂದರ ಕೂದಲು ಬೇರೆ, ಹೀಗೆ. ಮರಿ ನೊಣದ ಮೈಮೇಲಿನ ಗುರುತು ನೋಡಿ ಅಪ್ಪ ಯಾರು, ಅಮ್ಮ ಯಾರು ಎಂದು ಹೇಳುವ ಉಪಾಯ. ಡಿಎನ್‌ಎ ಪರೀಕ್ಷೆ ಇಲ್ಲದ ಕಾಲದಲ್ಲಿ ನಿಜಕ್ಕೂ ಬುದ್ಧಿವಂತ ಉಪಾಯ.

ಅವರಿಗೆ ಕಂಡದ್ದು ಇದು. ಗಂಡುಗಳಲ್ಲಿ ನೂರಕ್ಕೆ 21ಕ್ಕೆ ಒಂದು ಮರಿಯೂ ಆಗಲಿಲ್ಲ, ಹೆಣ್ಣುಗಳಲ್ಲಿ ಹಾಗಾದದ್ದು ನೂರಕ್ಕೆ 4 ಮಾತ್ರ. ಗಂಡು ಹೆಚ್ಚೆಚ್ಚು ಹೆಣ್ಣುಗಳ ಜೊತೆ ಕೂಡಿದಷ್ಟೂ ಮರಿ ಜಾಸ್ತಿ. ಹೆಣ್ಣಿಗೆ ಒಂದೆರಡು ಸಲ ಕೂಡಿದ ಮೇಲೆ ಅಂಥ ಲಾಭವಿಲ್ಲ. ಯಾಕೆಂದರೆ ಮೊಟ್ಟೆ ದೊಡ್ಡದು, ದುಬಾರಿ, ಎಣಿಸಿ ಇಡುವಂಥದ್ದು. ವೀರ್ಯಾಣು ಸಣ್ಣದು, ಅಗ್ಗ. ಬೇಟ್‌ಮನ್ ಇಷ್ಟು ಬರೆದು ಮತ್ತೆ ತಮ್ಮ ಗಿಡಗಳ ಕಡೆ ಹೋದರು. ಇಪ್ಪತ್ತು ವರ್ಷ ಆ ಲೇಖನವನ್ನು ಹೆಚ್ಚು ಜನ ಮುಟ್ಟಲಿಲ್ಲ.

ಈಗ ಟ್ರಿವರ್ಸ್. 1943ರಲ್ಲಿ ಹುಟ್ಟಿದ ಇವರು ಹಾರ್ವರ್ಡಿಗೆ ಗಣಿತ ಓದಲು ಹೋಗಿ, ಬಿಟ್ಟು, ಅಮೆರಿಕದ ಇತಿಹಾಸದಲ್ಲಿ ಡಿಗ್ರಿ ತೆಗೆದುಕೊಂಡರು. ವಕೀಲರಾಗಬೇಕೆಂದಿದ್ದರು. ನಡುವೆ ಮಾನಸಿಕವಾಗಿ ಕುಸಿದು ಆಸ್ಪತ್ರೆ ಸೇರಿದರು, ವಕೀಲಿಕೆಯ ದಾರಿಯೂ ಮುಚ್ಚಿತು. ಸಿಕ್ಕ ಕೆಲಸ ಶಾಲೆ ಮಕ್ಕಳಿಗೆ ಪಾಠದ ಪುಸ್ತಕ ಬರೆಯುವುದು, ಅದೂ ಪ್ರಾಣಿಗಳ ಬಗ್ಗೆ. ಜೀವಶಾಸ್ತ್ರದ ಗಂಧಗಾಳಿ ಇರಲಿಲ್ಲ. ಬರೆದದ್ದನ್ನು ತಿದ್ದಲು ವಿಲಿಯಂ ಡ್ರೂರಿ ಎಂಬ ಪಕ್ಷಿತಜ್ಞರನ್ನು ನೇಮಿಸಿದ್ದರು. ಅವರಿಂದಲೇ ಇವರು ವಿಕಾಸವಾದ ಕಲಿತದ್ದು. ಆಮೇಲೆ ಮತ್ತೆ ಹಾರ್ವರ್ಡಿಗೆ ಹೋಗಿ ಜೀವಶಾಸ್ತ್ರದ ಸಂಶೋಧನೆಗೆ ಸೇರಿದರು.

ಆ ದಿನಗಳಲ್ಲಿ ಟ್ರಿವರ್ಸ್ ಮನೆಯ ಕಿಟಕಿಯ ಆಚೆ ಪಾರಿವಾಳಗಳು ಬಂದು ಕೂರುತ್ತಿದ್ದವು. ಪಾರಿವಾಳ ಜೋಡಿಯಾಗಿ ಬಾಳುವ ಹಕ್ಕಿ, ಕಾವು ಕೊಡುವುದೂ ಗುಟುಕು ಕೊಡುವುದೂ ಇಬ್ಬರೂ ಹಂಚಿಕೊಂಡು. ಆದರೂ ರಾತ್ರಿ ಸಾಲಾಗಿ ಕೂರುವಾಗ ಗಂಡು ತನ್ನ ಹೆಣ್ಣಿಗೂ ಬೇರೆ ಗಂಡಿಗೂ ನಡುವೆ ತಾನು ಕೂರಲು ಒದ್ದಾಡುತ್ತಿತ್ತು. ಅದೇ ಗಂಡು ಅವಕಾಶ ಸಿಕ್ಕರೆ ಪಕ್ಕದ ಹೆಣ್ಣಿನ ಹಿಂದೆ ಹೋಗುತ್ತಿತ್ತು. ಇಬ್ಬರೂ ಸಮವಾಗಿ ದುಡಿಯುವ ಸಂಸಾರದಲ್ಲೂ ಈ ವ್ಯತ್ಯಾಸ ಎಲ್ಲಿಂದ ಬಂತು? ಇದನ್ನು ತಲೆಯಲ್ಲಿಟ್ಟುಕೊಂಡು ತಿರುಗುತ್ತಿದ್ದವರಿಗೆ ಬೇಟ್‌ಮನ್ ಲೇಖನ ಓದು ಎಂದು ಹೇಳಿದ್ದು ಹಾರ್ವರ್ಡಿನ ದೊಡ್ಡ ಜೀವಶಾಸ್ತ್ರಜ್ಞ ಅರ್ನ್‌ಸ್ಟ್ ಮೇಯರ್. ಟ್ರಿವರ್ಸ್‌ಗೆ ಎಳೆ ಸಿಕ್ಕಿತು. ಡಾರ್ವಿನ್ ಪುಸ್ತಕಕ್ಕೆ ನೂರು ವರ್ಷ ತುಂಬಿದ ನೆನಪಿಗೆ ಬರ್ನಾರ್ಡ್ ಕ್ಯಾಂಪ್‌ಬೆಲ್ ಸಂಪಾದಿಸಿದ ಸಂಪುಟದಲ್ಲಿ ಲೇಖನ ಅಚ್ಚಾಯಿತು.

ಅವರು ಮಾಡಿದ ಮುಖ್ಯ ಕೆಲಸ ಬೇಟ್‌ಮನ್ನರ ಮೊಟ್ಟೆ ವೀರ್ಯಾಣುವಿನ ಮಾತನ್ನು ಅಲ್ಲಿಗೇ ಬಿಡದೆ ಹಿಗ್ಗಿಸಿದ್ದು. ಮೊಟ್ಟೆ ಒಂದೇ ಖರ್ಚಲ್ಲ. ಗೂಡು ಕಟ್ಟುವುದು, ಕಾವು ಕೊಡುವುದು, ಹಾಲೂಡಿಸುವುದು, ಕಾವಲು ಕಾಯುವುದು, ಎಲ್ಲ ಖರ್ಚೇ. ಒಂದು ಮರಿಯ ಉಳಿವನ್ನು ಹೆಚ್ಚಿಸುವ, ಆದರೆ ಅದೇ ಕಾರಣಕ್ಕೆ ಮುಂದಿನ ಮರಿಗಳಿಗೆ ಮಾಡಬಹುದಾದದ್ದನ್ನು ಕಡಿಮೆ ಮಾಡುವ ಯಾವುದೇ ಕೆಲಸ ಹೂಡಿಕೆ ಎಂದರು. ಇದರ ಎರಡನೇ ಅರ್ಧ ಗಮನಿಸಿ. ಎಷ್ಟು ಕಷ್ಟಪಟ್ಟರು ಅನ್ನುವುದು ಅಳತೆ ಅಲ್ಲ, ಆ ಕಷ್ಟದಿಂದ ಇನ್ನೊಂದು ಮರಿ ಮಾಡುವ ಅವಕಾಶ ಎಷ್ಟು ಹೋಯಿತು ಅನ್ನುವುದು ಅಳತೆ. ಅಲ್ಲಿಂದ ಮುಂದೆ ಗಂಡು ಹೆಣ್ಣು ಅನ್ನುವುದು ಲೆಕ್ಕದೊಳಗೆ ಹಾಕುವ ಸಂಖ್ಯೆ ಆಯಿತೇ ಹೊರತು ಕಾರಣವಾಗಿ ಉಳಿಯಲಿಲ್ಲ.

ಹಾಗಾದರೆ ಖರ್ಚು ಗಂಡಿನ ಕಡೆ ವಾಲಿದರೆ ನಡವಳಿಕೆಯೂ ತಿರುಗಬೇಕು, ಅಲ್ವಾ? ಥಿಯರಿಯ ನಿಜವಾದ ಪರೀಕ್ಷೆ ಇದೇ, ಟ್ರಿವರ್ಸ್‌ಗೂ ಅದು ಗೊತ್ತಿತ್ತು. ನಮ್ಮ ಕರ್ನಾಟಕದ ಕೆರೆಗಳಲ್ಲೇ ಒಂದು ಉದಾಹರಣೆ ಓಡಾಡಿಕೊಂಡಿದೆ. ತಾವರೆ ಎಲೆಗಳ ಮೇಲೆ ಉದ್ದುದ್ದ ಬೆರಳಿಟ್ಟು ನಡೆಯುವ ಜಕಾನ ಹಕ್ಕಿ. ಇದರಲ್ಲಿ ಹೆಣ್ಣು ಗಂಡಿಗಿಂತ ದೊಡ್ಡದು. ಕೆರೆಯ ಒಂದು ಭಾಗವನ್ನು ತನ್ನದು ಎಂದು ಹಿಡಿದು, ಬೇರೆ ಹೆಣ್ಣುಗಳನ್ನು ಹೊಡೆದು ಓಡಿಸಿ, ಒಳಗೆ ಹಲವು ಗಂಡುಗಳನ್ನು ಇಟ್ಟುಕೊಂಡಿರುತ್ತದೆ. ಒಬ್ಬನ ಗೂಡಿನಲ್ಲಿ ನಾಲ್ಕು ಮೊಟ್ಟೆ ಇಟ್ಟು ಇನ್ನೊಬ್ಬನ ಕಡೆ ಹೋಗುತ್ತದೆ. ಕಾವು ಕೊಡುವುದು, ಮರಿ ಹೊರಬಂದ ಮೇಲೆ ರೆಕ್ಕೆಯಡಿ ಎತ್ತಿಕೊಂಡು ಓಡುವುದು, ಹದ್ದು ಬಂದರೆ ಬಚ್ಚಿಡುವುದು, ಎಲ್ಲ ಅಪ್ಪನ ಪಾಲು. ಕಾವು ಕೊಡುವಷ್ಟು ದಿನ ಗಂಡಿಗೆ ಬೇರೆ ಕೆಲಸ ಸಾಧ್ಯವಿಲ್ಲ. ಆದ್ದರಿಂದ ಬಿಡುವಾಗಿರುವ ಗಂಡು ಅಪರೂಪ, ಅಪರೂಪವಾದ್ದಕ್ಕೆ ಹೆಣ್ಣುಗಳು ಕಿತ್ತಾಡುತ್ತವೆ. ಪೈಪ್‌ಫಿಶ್ ಎಂಬ ಮೀನಿನಲ್ಲಿ ಗಂಡೇ ಬಸಿರು ಹೊರುತ್ತದೆ, ಅಲ್ಲೂ ಕೆಲವು ಜಾತಿಗಳಲ್ಲಿ ಹೆಣ್ಣು ಬಣ್ಣ ತೋರಿಸಿ ಒಲಿಸಿಕೊಳ್ಳಬೇಕು.

ಇದಕ್ಕಿಂತ ನನಗೆ ಇಷ್ಟವಾದದ್ದು ಮಿಡತೆಗಳ ಕಥೆ. ಅಮೆರಿಕದ ಮಾರ್ಮನ್ ಕ್ರಿಕೆಟ್ ಎಂಬ ದಪ್ಪ ಮಿಡತೆಯ ಗಂಡು, ಕೂಡುವಾಗ ವೀರ್ಯದ ಜೊತೆ ಒಂದು ತಿನ್ನುವ ಗಂಟನ್ನೂ ಹೆಣ್ಣಿಗೆ ಕೊಡುತ್ತದೆ. ಅದರ ತೂಕ ಗಂಡಿನ ಮೈತೂಕದ ಕಾಲುಭಾಗದ ಹತ್ತಿರ. ಇಂಥ ಉಡುಗೊರೆ ದಿನಾ ಕೊಡಲಾಗುತ್ತದೆಯೇ? ಹೆಣ್ಣುಗಳು ಗಂಡಿಗಾಗಿ ಮುಗಿಬೀಳುತ್ತವೆ, ಗಂಡು ತೂಕ ನೋಡಿ, ಹೆಚ್ಚು ಮೊಟ್ಟೆ ಇರುವ ದಪ್ಪ ಹೆಣ್ಣನ್ನು ಆರಿಸುತ್ತದೆ, ತೆಳ್ಳಗಿದ್ದರೆ ಬೇಡ ಅನ್ನುತ್ತದೆ. ಡ್ಯಾರಿಲ್ ಗ್ವಿನ್ 1981ರಲ್ಲಿ ಇದನ್ನು ತೋರಿಸಿದರು. ಆಮೇಲೆ 1990ರಲ್ಲಿ ಗ್ವಿನ್ ಮತ್ತು ಲೀ ಸಿಮನ್ಸ್ ಆಸ್ಟ್ರೇಲಿಯಾದ ಇನ್ನೊಂದು ಮಿಡತೆಯಲ್ಲಿ ಇನ್ನೂ ಚೆಂದದ್ದನ್ನು ತೋರಿಸಿದರು. ಹೂವಿನ ಪರಾಗ ಕಡಿಮೆ ಇದ್ದಾಗ ಗಂಡಿನ ಉಡುಗೊರೆ ಹೆಣ್ಣಿಗೆ ಮುಖ್ಯ ಊಟ, ಆಗ ಹೆಣ್ಣುಗಳ ಪೈಪೋಟಿ. ಪರಾಗ ಧಾರಾಳವಾಗಿ ಸಿಕ್ಕರೆ ಮತ್ತೆ ಗಂಡುಗಳು ಸಾಲುಗಟ್ಟುತ್ತವೆ, ಹೆಣ್ಣು ಆರಿಸುತ್ತದೆ. ಅದೇ ಜಾತಿ, ಅದೇ ಮೈ, ಬದಲಾದದ್ದು ಊಟ ಮಾತ್ರ! "ಗಂಡಿನ ಸ್ವಭಾವ" ಎಂದು ಹೇಳುವವರ ಮುಂದೆ ಈ ಮಿಡತೆಯನ್ನು ಇಡಬೇಕು ಅನಿಸುತ್ತದೆ.

ಈ ಥಿಯರಿಯ ಕಥೆಯಲ್ಲಿ ಧಾರವಾಡಕ್ಕೂ ಒಂದು ಜಾಗವಿದೆ. ಹೆಚ್ಚು ಜನಕ್ಕೆ ಗೊತ್ತಿಲ್ಲ. 1960ರ ದಶಕದ ಶುರುವಿನಲ್ಲಿ ಜಪಾನಿನ ಯುಕಿಮಾರು ಸುಗಿಯಾಮ ಮತ್ತು ಜೊತೆಗಾರರು ಧಾರವಾಡದ ಸುತ್ತಲಿನ ಕಾಡಿನಲ್ಲಿ ಕಪ್ಪು ಮೂತಿಯ ಮುಸಿಯಗಳ ಗುಂಪುಗಳನ್ನು ಹಿಂಬಾಲಿಸಿ ಅಧ್ಯಯನ ಮಾಡಿದರು. ಹಲವು ಹೆಣ್ಣುಗಳಿಗೆ ಒಂದು ಗಂಡಿರುವ ಗುಂಪುಗಳು ಅಲ್ಲಿ ಮಾಮೂಲು. ಹೊರಗಿನ ಗಂಡು ಬಂದು ಹಳೆಯವನನ್ನು ಓಡಿಸಿ ಗುಂಪು ವಶಮಾಡಿಕೊಂಡ ಮೇಲೆ ಹಾಲು ಕುಡಿಯುವ ಮರಿಗಳನ್ನು ಕಚ್ಚಿ ಕೊಲ್ಲುವುದನ್ನು ಅವರು ದಾಖಲಿಸಿದರು. ಒಂದು ಗುಂಪಿನಿಂದ ಗಂಡನ್ನು ಬೇಕಂತಲೇ ಹಿಡಿದು ತೆಗೆದು ನೋಡಿದರು, ಅಲ್ಲೂ ಹಾಗೇ ಆಯಿತು. 1965ರಲ್ಲಿ ಇದು ಪ್ರಕಟವಾದಾಗ ಬಹಳ ಜನ ನಂಬಲಿಲ್ಲ. ಜಾಗ ಸಾಲದೆ, ಕಿರುಕುಳಕ್ಕೆ ತಲೆಕೆಟ್ಟ ಕೋತಿಗಳ ಕೆಲಸ ಎಂದರು. ಪ್ರಾಣಿಗಳು ತಮ್ಮ ಕುಲದ ಒಳಿತಿಗೇ ನಡೆದುಕೊಳ್ಳುತ್ತವೆ ಎಂಬ ನಂಬಿಕೆ ಇನ್ನೂ ಗಟ್ಟಿಯಾಗಿದ್ದ ಕಾಲ ಅದು.

ಇದನ್ನು ಬಿಡಿಸಲು ಹೊರಟವರು ಹಾರ್ವರ್ಡಿನಲ್ಲಿ ಟ್ರಿವರ್ಸ್ ಹತ್ತಿರ ಕಲಿಯುತ್ತಿದ್ದ ಸಾರಾ ಹರ್ಡಿ. 1971ರಿಂದ ರಾಜಸ್ಥಾನದ ಮೌಂಟ್ ಅಬುವಿನಲ್ಲಿ ಅದೇ ಮುಸಿಯಗಳನ್ನು ನೋಡಿದರು. ಹೂಡಿಕೆಯ ಲೆಕ್ಕ ಹಾಕಿದರೆ ಕೊಲೆಗೆ ಅರ್ಥ ಸಿಗುತ್ತಿತ್ತು. ತಾಯಿ ಹಾಲೂಡುತ್ತಿರುವವರೆಗೆ ಮತ್ತೆ ಬೆದೆಗೆ ಬರುವುದಿಲ್ಲ. ಅವಳ ಹೂಡಿಕೆ ಹಳೆಯ ಗಂಡಿನ ಮರಿಯ ಮೇಲಿದೆ. ಹೊಸಬನಿಗೆ ಗುಂಪಿನ ಮೇಲೆ ಹಿಡಿತ ಎಷ್ಟು ದಿನವೋ ಗೊತ್ತಿಲ್ಲ, ಆ ಮರಿ ಹೋದರೆ ತಾಯಿ ಬೇಗ ಸಿಗುತ್ತಾಳೆ. ಕೇಳಲು ಭಯಂಕರ, ಆದರೆ ಲೆಕ್ಕ ಸರಿಯಾಗಿದೆ.

ಹರ್ಡಿ ಅಲ್ಲಿಗೇ ನಿಲ್ಲಲಿಲ್ಲ. ಹೆಣ್ಣು ಮುಸಿಯಗಳು ಸುಮ್ಮನೆ ಕುಳಿತು ಒಬ್ಬ ಗೆದ್ದವನನ್ನು ಆರಿಸುತ್ತಿರಲಿಲ್ಲ. ಗುಂಪಿನ ಆಚೆ ಇರುವ ಗಂಡುಗಳ ಹತ್ತಿರ ಅವೇ ಹೋಗುತ್ತಿದ್ದವು, ಬಸಿರಿರುವಾಗಲೂ ಹೋಗುತ್ತಿದ್ದವು. ಮೊಟ್ಟೆ ದುಬಾರಿ, ಆದ್ದರಿಂದ ಹೆಣ್ಣಿಗೆ ಹೆಚ್ಚು ಸಲ ಕೂಡಿ ಲಾಭವಿಲ್ಲ ಎಂಬ ಬೇಟ್‌ಮನ್ ಲೆಕ್ಕದಲ್ಲಿ ಇದಕ್ಕೆ ಜಾಗವೇ ಇಲ್ಲ. ಹರ್ಡಿ ಕೊಟ್ಟ ವಿವರಣೆ ಇಷ್ಟು: ಮರಿ ನನ್ನದಿರಬಹುದು ಎಂಬ ಅನುಮಾನ ಹಲವು ಗಂಡುಗಳಲ್ಲಿ ಇದ್ದರೆ, ಅವರಲ್ಲಿ ಯಾರು ನಾಳೆ ಗುಂಪು ಹಿಡಿದರೂ ಆ ಮರಿಯನ್ನು ಕೊಲ್ಲುವ ಸಂಭವ ಕಡಿಮೆ. ಹಾಗಾಗಿ ನಾಚುವ ಹೆಣ್ಣು ಎಂಬುದು ಪ್ರಾಣಿಲೋಕದ ನಿಯಮವೇನೂ ಅಲ್ಲ, ನೋಡುವವರು ಜೊತೆಗೆ ತಂದ ಕಲ್ಪನೆ ಎಂದು ಮುಂದೆ 1980ರ ದಶಕದಲ್ಲಿ ಅವರು ನೇರವಾಗಿಯೇ ಬರೆದರು. ಗುರುವಿನ ಥಿಯರಿಯನ್ನು ಇಟ್ಟುಕೊಂಡೇ ಅದರ ಮೊಂಡು ಭಾಗವನ್ನು ಕೆತ್ತಿದ್ದು ಹೀಗೆ.

ಇತ್ತ ಮನುಷ್ಯರ ಮನಸ್ಸನ್ನು ಓದುವವರು ಬಂದರು. 1979ರಲ್ಲಿ ಡೊನಾಲ್ಡ್ ಸೈಮನ್ಸ್ ಮನುಷ್ಯರ ಲೈಂಗಿಕತೆಗೆ ಈ ಲೆಕ್ಕವನ್ನು ಅಳವಡಿಸಿ ಪುಸ್ತಕ ಬರೆದರು. 1989ರಲ್ಲಿ ಡೇವಿಡ್ ಬಸ್ 33 ದೇಶಗಳ 37 ಕಡೆ, 10,047 ಜನರನ್ನು ಕೇಳಿದ ಸಮೀಕ್ಷೆ ಬಂತು. ಇವತ್ತಿನ ಸೋಷಿಯಲ್ ಮೀಡಿಯಾದ "ಸೈನ್ಸು" ಬಹುಪಾಲು ಇದರ ಮೊಮ್ಮಗು. ಜೋಡಿಯ ಸಂಪಾದನೆಗೆ ಹೆಣ್ಣುಗಳು ಗಂಡಸರಿಗಿಂತ ಹೆಚ್ಚು ಬೆಲೆ ಕೊಟ್ಟರು, 37ರಲ್ಲಿ 36 ಕಡೆ. ರೂಪಕ್ಕೆ ಗಂಡಸರು ಹೆಚ್ಚು ಬೆಲೆ ಕೊಟ್ಟರು, ಎಲ್ಲ ಕಡೆ. ಅದೇ ಸುಮಾರಿಗೆ ರಸೆಲ್ ಕ್ಲಾರ್ಕ್ ಮತ್ತು ಇಲೇನ್ ಹ್ಯಾಟ್‌ಫೀಲ್ಡ್ ಫ್ಲಾರಿಡಾದ ಕಾಲೇಜು ಕ್ಯಾಂಪಸ್ಸಿನಲ್ಲಿ ಮಾಡಿದ ಪ್ರಯೋಗವೂ ಹೆಸರುವಾಸಿಯಾಯಿತು. ಗುರುತಿಲ್ಲದವರು ಬಂದು ಇವತ್ತು ರಾತ್ರಿ ನನ್ನ ಜೊತೆ ಮಲಗುತ್ತೀಯಾ ಎಂದು ಕೇಳಿದರೆ ಮೊದಲ ಸುತ್ತಿನಲ್ಲಿ ಹುಡುಗರಲ್ಲಿ ನೂರಕ್ಕೆ 75 ಜನ ಹೂಂ ಅಂದರು, ಹುಡುಗಿಯರಲ್ಲಿ ಒಬ್ಬಳೂ ಅನ್ನಲಿಲ್ಲ. ಸುಮ್ನೆ ಹೊರಗೆ ಹೋಗೋಣವಾ ಎಂದು ಕೇಳಿದಾಗ ಎರಡೂ ಕಡೆ ಅರ್ಧದಷ್ಟು ಜನ ಒಪ್ಪಿದ್ದರು ಅನ್ನುವುದನ್ನು ಮಾತ್ರ ಯಾರೂ ಹೇಳುವುದಿಲ್ಲ. ರಾತ್ರಿ ಗುರುತಿಲ್ಲದ ಗಂಡಸಿನ ಮನೆಗೆ ಹೋಗುವುದು ಹುಡುಗಿಗೆ ಎಷ್ಟು ಅಪಾಯ ಅನ್ನುವುದನ್ನು ಈ ಪ್ರಯೋಗ ಅಳೆಯಲಿಲ್ಲ. ಅದನ್ನು ತಿಳಿಯಲು ವಿಕಾಸವಾದ ಬೇಕಾಗಿಲ್ಲ, ಯಾವ ತಾಯಿಯನ್ನು ಕೇಳಿದರೂ ಹೇಳುತ್ತಾಳೆ.

ಬಸ್ ಸಮೀಕ್ಷೆಯಲ್ಲೂ ಹೇಳದೆ ಬಿಡುವ ಭಾಗಗಳಿವೆ. ಪರಸ್ಪರ ಪ್ರೀತಿ, ನಂಬಬಹುದಾದ ಗುಣ, ಹದವಾದ ಮನಸ್ಸು, ಇವೇ ಗಂಡು ಹೆಣ್ಣು ಇಬ್ಬರ ಪಟ್ಟಿಯಲ್ಲೂ ಮೇಲಿದ್ದದ್ದು. ದುಡ್ಡು, ರೂಪ ಎರಡೂ ಆಮೇಲೆ. ಇನ್ನು ದೇಶದಿಂದ ದೇಶಕ್ಕೆ ಅತಿ ಹೆಚ್ಚು ಬದಲಾದ ಅಂಶ ಮದುವೆಗೆ ಮುಂಚಿನ ಶೀಲ. ಭಾರತ, ಚೀನಾ, ಇರಾನ್‌ಗಳಲ್ಲಿ ಅದಕ್ಕೆ ಬಹಳ ಬೆಲೆ, ಸ್ವೀಡನ್, ನಾರ್ವೆಗಳಲ್ಲಿ ಕೇಳಿದ್ದಕ್ಕೇ ನಕ್ಕಿರಬೇಕು ಅನ್ನುವಷ್ಟು ಕಡಿಮೆ. 1999ರಲ್ಲಿ ಆಲಿಸ್ ಈಗ್ಲಿ ಮತ್ತು ವೆಂಡಿ ವುಡ್ ಬಸ್ ಅವರ ಅಂಕಿಗಳನ್ನೇ ತೆಗೆದುಕೊಂಡು ಆಯಾ ದೇಶದ ಹೆಂಗಸರ ಸ್ಥಿತಿಗತಿಯ ಪಕ್ಕದಲ್ಲಿಟ್ಟು ನೋಡಿದರು. ಹೆಂಗಸರಿಗೆ ಸಂಪಾದನೆ, ಅಧಿಕಾರ ಹೆಚ್ಚಿದ್ದ ಕಡೆ ದುಡ್ಡಿರುವ ಗಂಡ ಬೇಕು ಎಂಬ ಒತ್ತು ಕಡಿಮೆ. ಇದರ ಮೇಲೆ ಜಗಳ ಇನ್ನೂ ಮುಗಿದಿಲ್ಲ. 2020ರಲ್ಲಿ 45 ದೇಶಗಳಲ್ಲಿ ಮತ್ತೆ ಕೇಳಿದಾಗ ಬಸ್ ಕಂಡ ವ್ಯತ್ಯಾಸಗಳು ಹೆಚ್ಚುಕಡಿಮೆ ಹಾಗೇ ಕಂಡವು. ನನ್ನ ಮಟ್ಟಿಗೆ, ವ್ಯತ್ಯಾಸ ಇದೆಯೇ ಅನ್ನುವುದು ಇಲ್ಲಿ ಸಣ್ಣ ಪ್ರಶ್ನೆ. ಇದೆ. ಆದರೆ ಮಿಡತೆಯ ಪರಾಗದ ಹಾಗೆ ಅದರ ಹಿಂದಿನ ಖರ್ಚಿನ ಪರಿಸ್ಥಿತಿ ಏನು ಎಂದು ಕೇಳದೆ ಸಮೀಕ್ಷೆಯ ಉತ್ತರವನ್ನೇ ಹುಟ್ಟುಗುಣ ಎಂದು ಓದಿದರೆ ಅದು ಟ್ರಿವರ್ಸ್ ಥಿಯರಿ ಅಲ್ಲ. "ಯಾರು" ಅನ್ನುವ ಜಾಗಕ್ಕೆ ಬೀಗ ಬಿದ್ದದ್ದು ಇಲ್ಲೇ.

ಅಷ್ಟರಲ್ಲಿ ಥಿಯರಿಯ ಒಳಗೇ ಬಿರುಕುಗಳು ಸಿಕ್ಕಿದ್ದವು. ಮೊದಲನೆಯದು 1976ರಲ್ಲಿ. ಇಲ್ಲಿಯವರೆಗೆ ಕಡಿಮೆ ಹೂಡಿದವರು ಜೋಡಿಯನ್ನು ಬಿಟ್ಟು ಓಡುತ್ತಾರೆ, ಜಾಸ್ತಿ ಹೂಡಿದವರು ಉಳಿಯುತ್ತಾರೆ ಎಂದು ಟ್ರಿವರ್ಸ್ ಬರೆದಿದ್ದರು. ರಿಚರ್ಡ್ ಡಾಕಿನ್ಸ್ ಮತ್ತು ಅವರ ವಿದ್ಯಾರ್ಥಿನಿ ಕಾರ್ಲೈಲ್ ಇದು ತಪ್ಪು ಎಂದರು. ಬೋರ್‌ವೆಲ್ ಕೊರೆಸುವ ರೈತ ಎಂಟುನೂರು ಅಡಿಗೆ ನೀರು ಬರಲಿಲ್ಲ, ಇಷ್ಟು ದುಡ್ಡು ಸುರಿದಿದ್ದೀನಿ, ಇನ್ನೊಂದು ಇನ್ನೂರು ಅಡಿ ಹೋಗಲಿ ಅನ್ನುತ್ತಾನಲ್ಲ, ಅದೇ ತಪ್ಪು. ಸುರಿದ ದುಡ್ಡು ಹೋಯಿತು, ಮುಂದಿನ ಇನ್ನೂರು ಅಡಿಯಲ್ಲಿ ನೀರಿದೆಯೇ ಅನ್ನುವುದೊಂದೇ ಪ್ರಶ್ನೆ. ಹಾಗೇ ಮರಿಯನ್ನು ಬಿಡಬೇಕೋ ಬೇಡವೋ ಎಂಬುದು ಮುಂದಿನ ಖರ್ಚು, ಮುಂದಿನ ಲಾಭದ ಮೇಲೆ ನಿಂತಿದೆ. ಒಂಬತ್ತು ತಿಂಗಳು ಹೊತ್ತದ್ದಕ್ಕೇ ತಾಯಿ ಮಗುವನ್ನು ಬಿಡಲಾರಳು ಎಂಬ ವಾದ ಅಲ್ಲಿಗೆ ಸಡಿಲವಾಯಿತು.

ಎರಡನೆಯದು ಇನ್ನೂ ಸರಳ, ಆದರೆ ಇದನ್ನು ಪೂರ್ತಿ ಅರಗಿಸಿಕೊಳ್ಳಲು ಮೂವತ್ತು ವರ್ಷ ಬೇಕಾಯಿತು. ಪ್ರತಿ ಮಗುವಿಗೂ ಒಬ್ಬ ಅಪ್ಪ, ಒಬ್ಬಳು ಅಮ್ಮ. ಗಂಡು ಹೆಣ್ಣು ಸಮಸಂಖ್ಯೆಯಲ್ಲಿದ್ದರೆ ಸರಾಸರಿ ಗಂಡಿಗೂ ಸರಾಸರಿ ಹೆಣ್ಣಿಗೂ ಇರುವ ಮಕ್ಕಳ ಸಂಖ್ಯೆ ಒಂದೇ. ಗಂಡು ಎಷ್ಟು ಬೇಕಾದರೂ ಮಕ್ಕಳು ಮಾಡಬಹುದು ಅನ್ನುವುದು ಒಬ್ಬಿಬ್ಬರ ವಿಷಯದಲ್ಲಿ ನಿಜ, ಉಳಿದವರಿಗೆ ಸೊನ್ನೆ. ಹಾಗಾಗಿ ಅಲೆಯುವುದು ಪ್ರತಿಯೊಬ್ಬ ಗಂಡಿಗೂ ಲಾಭ ಎಂಬುದು ಲೆಕ್ಕದಲ್ಲೇ ಕೂರುವುದಿಲ್ಲ. ಹಾನಾ ಕೊಕ್ಕೊ ಮತ್ತು ಮೈಕಲ್ ಜೆನಿಯನ್ಸ್ ಇದನ್ನು ಹಿಡಿದು, ಪೈಪೋಟಿ ಬಿಗಿಯಾದಾಗ ಗಂಡಿಗೆ ಮನೆಯಲ್ಲೇ ಉಳಿದು ಮರಿ ನೋಡಿಕೊಳ್ಳುವುದು ಹೆಚ್ಚು ಲಾಭವಾಗಬಹುದು ಎಂದು 2008ರಲ್ಲಿ ತೋರಿಸಿದರು.

ಮೂರನೆಯದು ಬುಡಕ್ಕೇ ಬಿದ್ದ ಪೆಟ್ಟು. 2012ರಲ್ಲಿ ಪೆಟ್ರೀಷಿಯಾ ಗೊವಾಟಿ ತಂಡ ಬೇಟ್‌ಮನ್ ಪ್ರಯೋಗವನ್ನು ಮತ್ತೆ ಮಾಡಿತು. ಅಪ್ಪನ ಗುರುತು, ಅಮ್ಮನ ಗುರುತು ಎರಡೂ ಬಂದ ಮರಿಗಳು ಬೆಳೆಯುವ ಮೊದಲೇ ಹೆಚ್ಚಾಗಿ ಸಾಯುತ್ತಿದ್ದವು. ಅಂದರೆ ಅಪ್ಪ ಅಮ್ಮ ಇಬ್ಬರನ್ನೂ ಖಚಿತವಾಗಿ ಹೇಳಬಲ್ಲ ಮರಿಗಳೇ ಲೆಕ್ಕದಿಂದ ಜಾರಿಹೋಗುತ್ತಿದ್ದವು. ಬೇಟ್‌ಮನ್ನರ ಹಳೆಯ ಅಂಕಿಗಳಲ್ಲೇ ಅಪ್ಪಂದಿರ ಹೆಸರಿಗೆ ಬಿದ್ದ ಮರಿಗಳು ಅಮ್ಮಂದಿರ ಹೆಸರಿಗೆ ಬಿದ್ದವಕ್ಕಿಂತ ಜಾಸ್ತಿ ಇದ್ದವು, ಹಾಗಾಗುವುದು ಸಾಧ್ಯವೇ ಇಲ್ಲ! ಅದೂ ಅಲ್ಲದೆ ಬೇಟ್‌ಮನ್ ತಮ್ಮ ಪ್ರಯೋಗಗಳನ್ನು ಎರಡು ಭಾಗ ಮಾಡಿ ಎರಡು ಗ್ರಾಫ್ ಕೊಟ್ಟಿದ್ದರು. ಮೊದಲನೆಯದರಲ್ಲಿ ಹೆಣ್ಣಿಗೂ ಹೆಚ್ಚು ಜೋಡಿಯಿಂದ ಲಾಭ ಕಾಣುತ್ತದೆ. ಪಠ್ಯಪುಸ್ತಕಗಳಿಗೆ ಹೋದದ್ದು ಎರಡನೆಯದು. ಅರ್ಧ ಶತಮಾನ ಯಾರೂ ಮತ್ತೆ ಮಾಡಿ ನೋಡದೆ ಇದ್ದದ್ದು ವಿಜ್ಞಾನಕ್ಕೆ ಮರ್ಯಾದೆಯ ವಿಷಯವಲ್ಲ. ಹಾಗೆಂದು ಇಡೀ ಕಟ್ಟಡ ಬೀಳಲಿಲ್ಲ. 2016ರಲ್ಲಿ 66 ಜಾತಿಯ ಪ್ರಾಣಿಗಳ ಅಂಕಿ ಸೇರಿಸಿ ನೋಡಿದಾಗ, ಸರಾಸರಿಯಲ್ಲಿ ಹೆಚ್ಚು ಜೋಡಿಯ ಲಾಭ ಗಂಡಿಗೇ ಜಾಸ್ತಿ ಎಂದು ಬಂತು. ಬುಡದ ಕಲ್ಲು ಸಡಿಲ, ಗೋಡೆ ಬೇರೆ ಆಧಾರದ ಮೇಲೆ ನಿಂತಿದೆ.

ಮನುಷ್ಯರ ವಿಷಯಕ್ಕೆ ಬಂದಾಗ ಈ ಲೆಕ್ಕ ಎಷ್ಟು ದೂರ ಹೋಗುತ್ತದೆ, ಎಲ್ಲಿ ಮುಗ್ಗರಿಸುತ್ತದೆ ಅನ್ನುವುದಕ್ಕೆ ನಮ್ಮ ತುಳುನಾಡಿನ ಅಳಿಯಸಂತಾನ ಒಳ್ಳೆಯ ಉದಾಹರಣೆ. ಬಂಟರು, ಬಿಲ್ಲವರು, ಮೊಗವೀರರಲ್ಲಿ ಆಸ್ತಿ ಗಂಡಸಿನಿಂದ ಅವನ ಮಕ್ಕಳಿಗೆ ಹೋಗದೆ ಅಕ್ಕತಂಗಿಯರ ಮಕ್ಕಳಿಗೆ ಹೋಗುತ್ತಿತ್ತು. ಇಂಥ ಪದ್ಧತಿಗಳನ್ನು ಕಂಡು 1970ರ ದಶಕದಲ್ಲಿ ರಿಚರ್ಡ್ ಅಲೆಕ್ಸಾಂಡರ್ ಮುಂತಾದವರು ಒಂದು ವಿವರಣೆ ಕೊಟ್ಟರು. ಹೆಂಡತಿಯ ಮಗು ತನ್ನದೇ ಎಂದು ಗಂಡಸಿಗೆ ಖಾತ್ರಿ ಇಲ್ಲದಿದ್ದರೆ, ತಂಗಿಯ ಮಗುವಿನ ಮೇಲೆ ಹೂಡುವುದೇ ಕ್ಷೇಮ, ಅದು ರಕ್ತಸಂಬಂಧ ಅನ್ನುವುದರಲ್ಲಿ ಅನುಮಾನವಿಲ್ಲ. ಕೇಳಲು ಚೆನ್ನಾಗಿದೆ. ಆದರೆ ಲೆಕ್ಕ ಹಾಕಿ ನೋಡಿ. ತಂಗಿಯೂ ಬೇರೆ ಅಪ್ಪನ ಮಗಳಿರಬಹುದು ಎಂಬ ಅನುಮಾನವನ್ನೂ ಸೇರಿಸಿದರೆ, ಅಳಿಯನ ಮೇಲೆ ಹೂಡುವುದು ಲಾಭವಾಗಬೇಕಾದರೆ ನೂರು ಮಕ್ಕಳಲ್ಲಿ ಸುಮಾರು 27ಕ್ಕಿಂತ ಕಡಿಮೆ ಮಕ್ಕಳು ಮಾತ್ರ ಗಂಡನಿಗೆ ಹುಟ್ಟಿದವರಾಗಿರಬೇಕು. ಯುರೋಪಿನಲ್ಲಿ ವಂಶಾವಳಿಯನ್ನೂ, ಅಪ್ಪನಿಂದ ಮಗನಿಗೆ ಹೋಗುವ ವೈ ಕ್ರೋಮೊಸೋಮನ್ನೂ ಹೋಲಿಸಿದ ಅಧ್ಯಯನಗಳಲ್ಲಿ ಬೇರೆಯವನಿಗೆ ಹುಟ್ಟಿದ ಮಕ್ಕಳು ನೂರಕ್ಕೆ ಒಂದರ ಆಸುಪಾಸು. ಇದುವರೆಗೆ ಗೊತ್ತಿರುವ ಅತಿ ಹೆಚ್ಚಿನ ಸಂಖ್ಯೆ ನಮೀಬಿಯಾದ ಹಿಂಬಾ ಜನರದು, 2020ರಲ್ಲಿ ಪ್ರಕಟವಾದಂತೆ ನೂರಕ್ಕೆ 48. ಅಲ್ಲೂ ಗಡಿ ದಾಟುವುದಿಲ್ಲ. ಸಾಲದ್ದಕ್ಕೆ ಹಿಂಬಾ ಗಂಡಸರಿಗೆ ಯಾವ ಮಗು ತನ್ನದಲ್ಲ ಅನ್ನುವುದು ಬಹುಪಾಲು ಗೊತ್ತು, ಗೊತ್ತಿದ್ದೂ ಅಪ್ಪ ಅನ್ನಿಸಿಕೊಂಡೇ ಇರುತ್ತಾರೆ. ಅಳಿಯಸಂತಾನದ ಬೇರು ಗದ್ದೆ, ಮನೆತನ, ಕೂಡುಕುಟುಂಬದಲ್ಲಿದೆ ಎಂದು ಹುಡುಕುವುದೇ ಹೆಚ್ಚು ಫಲ ಕೊಡುತ್ತದೆ. ತುಳುನಾಡಿನ ಹೆಂಗಸರ ಶೀಲದ ಮೇಲೆ ಅನುಮಾನ ಹುಟ್ಟಿಸುವ ಥಿಯರಿ ಅದಕ್ಕೆ ಬೇಕಾಗಿಲ್ಲ.

ಇನ್ನು "ಗಂಡಿಗೆ ಐದು ನಿಮಿಷ" ಅನ್ನುವ ಮಾತು. ನಾಯಿ, ಬೆಕ್ಕು, ಆನೆಗಳಿಗೆ ಸರಿ. ಸಸ್ತನಿಗಳಲ್ಲಿ ನೂರಕ್ಕೆ ತೊಂಬತ್ತರ ಮೇಲೆ ಅಪ್ಪ ಮರಿಯ ತಂಟೆಗೇ ಬರುವುದಿಲ್ಲ. ಮನುಷ್ಯ ಆ ಸಾಲಿನವನಲ್ಲ. ಮನುಷ್ಯರ ಮಗು ತನ್ನ ಅನ್ನ ತಾನು ದುಡಿಯುವ ಹೊತ್ತಿಗೆ ಸುಮಾರು 1.3 ಕೋಟಿ ಕ್ಯಾಲೊರಿ ತಿಂದಿರುತ್ತದೆ, ಅದನ್ನು ಒಬ್ಬ ತಾಯಿ ಒದಗಿಸಲಾರಳು ಅನ್ನುವುದು ಹರ್ಡಿಯವರ ಮುಂದಿನ ಕೆಲಸದ ತಿರುಳು. ಹಾಗಾದರೆ ಅಪ್ಪನೇ ತುಂಬಿಕೊಡುತ್ತಾನೆಯೇ? ಇಂಗ್ಲೆಂಡಿನ ರೆಬೆಕ್ಕಾ ಸಿಯರ್ ಮತ್ತು ರೂತ್ ಮೇಸ್ 2008ರಲ್ಲಿ 45 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ತಾಯಿ ಸತ್ತರೆ ಎಲ್ಲ ಕಡೆಯೂ ಮಗುವಿಗೆ ಅಪಾಯ. ಅಪ್ಪನ ವಿಷಯ ನೋಡಿದ ಅಧ್ಯಯನಗಳಲ್ಲಿ ಸುಮಾರು ಮೂರನೇ ಎರಡರಷ್ಟರಲ್ಲಿ ಅವನು ಇದ್ದರೂ ಇಲ್ಲದಿದ್ದರೂ ಮಗುವಿನ ಉಳಿವಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದರೆ ತಾಯಿಯ ತಾಯಿಯ ವಿಷಯ ನೋಡಿದ ಹೆಚ್ಚಿನ ಅಧ್ಯಯನಗಳಲ್ಲಿ, ಅವಳಿದ್ದರೆ ಮಗು ಉಳಿಯುವ ಸಂಭವ ಜಾಸ್ತಿ ಇತ್ತು. ಮೊದಲ ಹೆರಿಗೆಗೆ ಮಗಳನ್ನು ತವರಿಗೆ ಕರೆದುಕೊಂಡು ಬಂದು ಬಾಣಂತನ ಮಾಡುವ ನಮ್ಮ ಅಜ್ಜಿಯರಿಗೆ ಈ ಫಲಿತಾಂಶ ಹೇಳಿದರೆ, ಇದಕ್ಕೆ ಇಂಗ್ಲೆಂಡಿನವರು ಬೇಕಿತ್ತಾ ಅನ್ನುತ್ತಾರೆ. ಅಪ್ಪ ಅಮ್ಮ ಇಬ್ಬರೇ ಹೂಡಿಕೆದಾರರು ಎಂದುಕೊಂಡದ್ದು ಟ್ರಿವರ್ಸ್ ಲೆಕ್ಕದ ನಿಜವಾದ ಕೊರತೆ.

ಅಪ್ಪ ಇದ್ದೂ ಇಲ್ಲದಂತೆ ಅನ್ನುವುದನ್ನು ಹುಟ್ಟುಗುಣ ಎಂದುಕೊಳ್ಳುವ ಹಾಗೂ ಇಲ್ಲ. ಫಿಲಿಪ್ಪೀನ್ಸಿನ ಸೆಬು ಊರಿನಲ್ಲಿ ಲೀ ಗೆಟ್ಲರ್ ತಂಡ 624 ಗಂಡಸರನ್ನು ಕೆಲವು ವರ್ಷ ಹಿಂಬಾಲಿಸಿ 2011ರಲ್ಲಿ ವರದಿ ಮಾಡಿತು. ಅಪ್ಪಂದಿರಾದವರಲ್ಲಿ ಟೆಸ್ಟೊಸ್ಟಿರಾನ್ ಎಂಬ ಗಂಡು ಹಾರ್ಮೋನು ಇಳಿದಿತ್ತು. ದಿನಕ್ಕೆ ಮೂರು ಗಂಟೆ ಅಥವಾ ಹೆಚ್ಚು ಮಗುವನ್ನು ನೋಡಿಕೊಳ್ಳುವವರಲ್ಲಿ ಇನ್ನೂ ಕಡಿಮೆ ಇತ್ತು. ಮಗು ಎತ್ತಿಕೊಂಡರೆ ಗಂಡಸಿನ ಮೈಯೇ ಸ್ವಲ್ಪ ಬದಲಾಗುತ್ತದೆ, ಎತ್ತಿಕೊಳ್ಳುವ ಅವಕಾಶ ಇರಬೇಕು ಅಷ್ಟೆ.

ಆ ಅವಕಾಶದ ವಿಷಯದಲ್ಲಿ ನಮ್ಮ ದೇಶದ ಕಾನೂನು ಏನು ಹೇಳುತ್ತದೆ ನೋಡಿ. 2017ರ ತಿದ್ದುಪಡಿಯಿಂದ ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ತಾಯಿಗೆ ಮೊದಲ ಎರಡು ಹೆರಿಗೆಗೆ 26 ವಾರ ಸಂಬಳದ ರಜೆ. ಕೇಂದ್ರ ಸರ್ಕಾರದ ನೌಕರನಾದ ಅಪ್ಪನಿಗೆ 15 ದಿನ. ಖಾಸಗಿ ಕಂಪನಿಯ ಅಪ್ಪನಿಗೆ ಕಂಪನಿ ಕೊಟ್ಟರೆ ಉಂಟು. ಹೊಲದಲ್ಲಿ, ಗಾರೆ ಕೆಲಸದಲ್ಲಿ ಇರುವವರಿಗೆ ಇಂಥ ಸಂಬಳದ ರಜೆ ಇಬ್ಬರಿಗೂ ಸಿಗುವುದು ಅಪರೂಪ. ಒಬ್ಬರ ಮೇಲೆ ಇಷ್ಟು, ಇನ್ನೊಬ್ಬರ ಮೇಲೆ ಇಷ್ಟು ಎಂದು ಖರ್ಚನ್ನು ಹೊರಗಿನಿಂದಲೇ ಹಂಚಿಟ್ಟ ಜಾಗದಲ್ಲಿ ಹೆಣ್ಣು ಗಂಡಿನ ಸಂಬಳ ಕೇಳಿದರೆ, ಅದರಲ್ಲಿ ಎಷ್ಟು ಪಾಲು ಲಕ್ಷಾಂತರ ವರ್ಷದ ವಿಕಾಸದ್ದು, ಎಷ್ಟು ಪಾಲು ಈ ರಜೆ ಅರ್ಜಿಯದ್ದು ಎಂದು ಬೇರ್ಪಡಿಸಿ ತೋರಿಸುವ ಸಮೀಕ್ಷೆಯನ್ನು ನಾನಂತೂ ಇನ್ನೂ ನೋಡಿಲ್ಲ.